ಎರಡು ಕೋಟೆ, ಒಬ್ಬ ಪತ್ರಕರ್ತ

ದೇವನಹಳ್ಳಿ ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ. ಪೂರ್ವದ ಬಾಗಿಲಿನಿಂದ ಹೊಕ್ಕರೆ ಮನೆಗಳು, ವೇಣುಗೋಪಾಲಸ್ವಾಮಿ ಗುಡಿ, ಪಶ್ಚಿಮದಲ್ಲಿ ಇನ್ನೊಂದು ಬಾಗಿಲು. ತಲೆಯ ಮೇಲೆ ವಿಮಾನಗಳ ಸದ್ದು. ಇದು ನನ್ನೂರು. ಆದರೆ ಕೋಟೆ ಎಂದರೆ ಬರೀ ಗೋಡೆಯಲ್ಲ ಎಂದು ನಾನು ಕಲಿತದ್ದು ಇಲ್ಲಲ್ಲ, ಹೈಸ್ಕೂಲಿನಲ್ಲಿ ಓದಿದ ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ.

ತ.ರಾ.ಸು. (1920–1984) ಮಲೇಬೆನ್ನೂರಿನಲ್ಲಿ ಹುಟ್ಟಿದವರು. ಮನೆತನ ಚಳ್ಳಕೆರೆ ಬಳಿಯ ತಳುಕಿನದು, ಟಿ.ಎಸ್. ವೆಂಕಣ್ಣಯ್ಯನವರದೂ ಅದೇ ಮನೆತನ. 1942ರ ಚಳವಳಿಗಾಗಿ ಓದು ಬಿಟ್ಟರು, ಪತ್ರಿಕೆಗಳಲ್ಲಿ ದುಡಿದರು, ಆಮೇಲೆ ಕಾದಂಬರಿಯನ್ನೇ ನೆಚ್ಚಿಕೊಂಡರು. ಪ್ರಗತಿಶೀಲರಲ್ಲಿ ನಿರಂಜನ, ಕಟ್ಟೀಮನಿ ಕೂಡ ಪತ್ರಿಕೆಗಳ ನಂಟಿದ್ದವರೇ. ‘ಹಂಸಗೀತೆ’, ‘ನಾಗರಹಾವು’ ಸಿನಿಮಾ ಆದ ಕಥೆ ಎಲ್ಲರಿಗೂ ಗೊತ್ತು, ಅದು ಇಲ್ಲಿ ಬೇಡ.

ಅವರೇನು ವಾಸ್ತುಶಿಲ್ಪದ ವರದಿಗಾರರಲ್ಲ. ಆದರೂ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ 1982ರ ‘ದುರ್ಗಾಸ್ತಮಾನ’ದವರೆಗೆ ಚಿತ್ರದುರ್ಗದ ಕಲ್ಲನ್ನು ಅವರು ನೋಡಿದ್ದು ವರದಿಗಾರನ ಕಣ್ಣಿನಿಂದ ಎಂದೇ ನನ್ನ ಅನಿಸಿಕೆ. ಕೆತ್ತನೆಯ ಚೆಲುವಿಗಿಂತ ಬಾಗಿಲು, ಬತೇರಿ, ಕಾವಲು ಅವರಿಗೆ ಮುಖ್ಯ. ಆ ಓದಿನ ಗುಂಗಿನಲ್ಲೇ ನಾನು ದುರ್ಗಕ್ಕೆ ಹೋದದ್ದು. ಏಳು ಸುತ್ತಿನ ಕೋಟೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರು: ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಸಿಹಿನೀರು ಹೊಂಡ, ಸಂತೆಹೊಂಡ. ಹೊರಗೆ ದಂಡು ಬೀಡುಬಿಟ್ಟಿದ್ದರೂ ಒಳಗಿನವರ ಕೊಡ ಬರಿದಾಗುತ್ತಿರಲಿಲ್ಲ. ಹೈದರಾಲಿ ಮತ್ತೆಮತ್ತೆ ಮುತ್ತಿಗೆ ಹಾಕಬೇಕಾಯಿತು. ದುರ್ಗ ಬಿದ್ದದ್ದು 1779ರಲ್ಲಿ.

ಇಲ್ಲೇ ನನಗೆ ಇರುಸುಮುರುಸು. ಟಿಪ್ಪು ಹುಟ್ಟಿದ ಊರಿನ ಹುಡುಗ ನಾನು. ನಮ್ಮ ಪಾಠದಲ್ಲಿ ಹೈದರ್ ಮಣ್ಣಿನ ಕೋಟೆಯನ್ನು ಕಲ್ಲಿನದಾಗಿಸಿದವನು. ಕಾದಂಬರಿಯಲ್ಲಿ ಬಾಗಿಲ ಹೊರಗೆ ನಿಂತ ವೈರಿ. ಮದಕರಿನಾಯಕನಿಗಾಗಿ ಅತ್ತ ರಾತ್ರಿ, ನನ್ನೂರಿಗೇ ಎರಡು ಬಗೆದೆನೇನೋ ಅನ್ನಿಸಿತ್ತು.

ಪಿಎಚ್‌.ಡಿ.ಗೆ ಸೇರಿದ ಮೇಲೆ ಗೊತ್ತಾಯಿತು, ಆ ಹೈದರ್ ಮೊದಲು ಹೆಸರು ಮಾಡಿದ್ದೇ 1749ರಲ್ಲಿ, ಮೈಸೂರಿನ ನಂಜರಾಜಯ್ಯನ ಸೇನೆ ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ. ದುರ್ಗದ ಬಾಗಿಲಿಗೆ ಮೂವತ್ತು ವರ್ಷಗಳ ಮೇಲೆ ಹೋದ ದಾರಿ ನಮ್ಮ ಮನೆ ಮುಂದಿನಿಂದಲೇ ಹಾದುಹೋಗಿತ್ತು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಆ ಮಣ್ಣಿನ ಕೋಟೆಯ ಒಳಗೂ ಅಂದು ಕಾವಲಿನವರು, ನೀರು ಹೊರುವ ಹೆಂಗಸರು ಇದ್ದಿರಲೇಬೇಕು. ಅವರನ್ನು ಕುರಿತು ‘ದುರ್ಗಾಸ್ತಮಾನ’ದಂಥದ್ದೊಂದನ್ನು ನಾನು ಓದಿಲ್ಲ.

ಮೊನ್ನೆ ನಮ್ಮ ಮಾರ್ಗದರ್ಶಕರು ಕೇಳಿದರು: “ಮದಕರಿ ಬಗ್ಗೆ ಇಷ್ಟು ಬರೆದಿದ್ದೀರಲ್ಲ, ನಿಮ್ಮೂರಲ್ಲಿ ಅವತ್ತು ಸೋತೋನ ಹೆಸರೇನ್ರೀ?”

ನಾನು ಬಾಯಿಬಿಡಲಿಲ್ಲ. ಈಗ ಪ್ರಬಂಧದ ಎರಡನೆಯ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ.