ಬುರುಡೆಯೊಳಗಿನ ಪೆಟ್ಟು

ತಲೆಗೆ ಪೆಟ್ಟಾದ ಮಗುವಿನ ಮೆದುಳನ್ನು ಚಿತ್ರದಲ್ಲಿ ಕಾಣುವ ವಿದ್ಯೆಗೆ ಇನ್ನೂ ಅರವತ್ತು ವರ್ಷ ತುಂಬಿಲ್ಲ. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಎಕ್ಸ್-ರೇ ಎಲುಬನ್ನಷ್ಟೇ ತೋರಿಸುತ್ತಿತ್ತು. ಎಲುಬಿನ ಸಾಕ್ಷ್ಯ ಎಷ್ಟು ಅರೆಬರೆ ಎಂಬುದಕ್ಕೆ ಧಾರವಾಡ ಜಿಲ್ಲೆಯ ನಮ್ಮ ಅಣ್ಣಿಗೇರಿಯೇ ನಿದರ್ಶನ. 2010ರಲ್ಲಿ ಇಲ್ಲಿನ ಚರಂಡಿಯಲ್ಲಿ ನೂರಾರು ತಲೆಬುರುಡೆಗಳು ಸಿಕ್ಕವು. ಅವುಗಳ ಕಾಲವನ್ನು ಪ್ರಯೋಗಾಲಯದಲ್ಲಿ ಅಳೆಯಲು ಬಂತು, ಒಳಗಿದ್ದ ಮೆದುಳಿನ ಕಥೆ ಮಾತ್ರ ಮಣ್ಣಾಗಿತ್ತು.

ಮಕ್ಕಳ ವಿಷಯದಲ್ಲಿ ಈ ಕೊರತೆ ಇನ್ನೂ ದೊಡ್ಡದು. ಮೈಗೆ ಹೋಲಿಸಿದರೆ ಮಗುವಿನ ತಲೆ ದೊಡ್ಡದು, ಭಾರ, ಕುತ್ತಿಗೆ ಎಳೆಯದು, ಬುರುಡೆ ತೆಳು, ಬಾಗುವಂಥದ್ದು. ಮಾಳಿಗೆಯಿಂದಲೋ ಟ್ರ್ಯಾಕ್ಟರ್‌ನಿಂದಲೋ ಬಿದ್ದ ಮಗುವಿನ ಎಲುಬು ಬಿರುಕು ಬಿಡದಿದ್ದರೂ ಒಳಗೆ ಮೆದುಳು ಜಜ್ಜಿರಬಹುದು, ರಕ್ತ ಹೆಪ್ಪುಗಟ್ಟಿರಬಹುದು.

1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ, ಎಕ್ಸ್-ರೇಯಿಂದಲೇ ಪದರ ಪದರವಾಗಿ ಚಿತ್ರ ತೆಗೆದು, ಮೊದಲ ರೋಗಿಯ ಮೆದುಳನ್ನು ತೋರಿಸಿತು. ರೋಗಿಯ ತಲೆಯನ್ನು ನೀರಿನ ಪೆಟ್ಟಿಗೆಯ ರಬ್ಬರ್ ಟೋಪಿಯೊಳಗೆ ಇಡಬೇಕಿತ್ತು, ಒಂದೊಂದು ಪದರಕ್ಕೆ ನಿಮಿಷಗಳೇ ಹಿಡಿಯುತ್ತಿದ್ದವು. ಬಂದ ಚಿತ್ರದಲ್ಲಿ ಇದ್ದದ್ದು ಅಡ್ಡಕ್ಕೆ 80, ಉದ್ದಕ್ಕೆ 80 ಚುಕ್ಕೆ. ಅಳುವ ಮಗುವನ್ನು ಅಷ್ಟು ಹೊತ್ತು ಅಲುಗಾಡದಂತೆ ಮಲಗಿಸುವುದು ಹೇಗೆ? ಯಂತ್ರಗಳು ವೇಗ ಪಡೆದ ಮೇಲೇ ಸಿ.ಟಿ. ಮಕ್ಕಳಿಗೆ ನಿಜವಾಗಿ ಒದಗಿತು.

ವೇಗದ ಬೆನ್ನಿಗೆ ಅತಿಬಳಕೆಯೂ ಬಂತು. ಬಾಲ್ಯದ ಸಿ.ಟಿ. ವಿಕಿರಣದಿಂದ ಮುಂದೆ ರಕ್ತದ ಕ್ಯಾನ್ಸರ್ ಮತ್ತು ಮೆದುಳಿನ ಗಡ್ಡೆಯ ಅಪಾಯ ಅಲ್ಪ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂದು 2012ರ ಬ್ರಿಟಿಷ್ ಅಧ್ಯಯನ ತೋರಿಸಿತು. ಅದಕ್ಕೂ ಮುಂಚೆ, 2009ರಲ್ಲಿ, ಉತ್ತರ ಅಮೆರಿಕದ 42,412 ಮಕ್ಕಳನ್ನು ಗಮನಿಸಿದ ತಂಡ ಯಾವ ಮಗುವಿಗೆ ಸಿ.ಟಿ. ಬೇಡವೆಂದು ಗುರುತಿಸುವ ನಿಯಮ ರೂಪಿಸಿತ್ತು. ಈ ಇತಿಹಾಸದಲ್ಲಿ ಮಕ್ಕಳಿಗೆ ಹೆಚ್ಚು ಉಪಕಾರ ಮಾಡಿದ್ದು ಬಹುಶಃ ಹೊಸ ಯಂತ್ರಗಳಿಗಿಂತ ಈ ನಿಯಮವೇ.

ಮೆದುಳನ್ನು ಚಿತ್ರಿಸುವ ಇನ್ನೊಂದು ವಿಧಾನವಾದ ಎಂ.ಆರ್.ಐ.ಗೆ ಎಕ್ಸ್-ರೇ ಬೇಡ. 1990ರ ದಶಕದಲ್ಲಿ ನರತಂತುಗಳ ಗುಂಟ ನೀರಿನ ಚಲನೆಯನ್ನು ಅಳೆಯುವ ವಿಧಾನ ಬಂದ ಮೇಲೆ, ಸಿ.ಟಿ.ಯಲ್ಲಿ ಸರಿಯಾಗಿಯೇ ಕಂಡ ಮೆದುಳಿನಲ್ಲೂ ತಂತುಗಳ ಗಾಯವನ್ನು ಅಧ್ಯಯನ ಮಾಡಲು ಸಾಧ್ಯವಾಯಿತು. ಎಳವೆಯಲ್ಲಿ ಬಿದ್ದ ಪೆಟ್ಟಿನ ಫಲ ಎಷ್ಟೋ ಸಲ ವರ್ಷಗಳ ನಂತರ, ಶಾಲೆಯ ಪಾಠ ಕಠಿಣವಾದಾಗ, ಮರೆವಾಗಿ, ಮುಂಗೋಪವಾಗಿ ತಲೆಯೆತ್ತುತ್ತದೆ.

ಕರ್ನಾಟಕದಲ್ಲಿ ಮಿದುಳು ಮತ್ತು ನರವಿಜ್ಞಾನದ ದೊಡ್ಡ ಕೇಂದ್ರವಾದ ನಿಮ್ಹಾನ್ಸ್ 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡಿತು. ಅಣ್ಣಿಗೇರಿಯವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು 1957ರಲ್ಲಿ ಶುರುವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನದು. ಬಿದ್ದ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಪ್ರಜ್ಞೆ ತಪ್ಪಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಕಿವಿ–ಮೂಗಿನಿಂದ ರಕ್ತ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.