ರಾಜ್ಯವಿಲ್ಲದ ಜನತೆಯ ರಾಜಕಾರಣ: ಪ್ರಶ್ಯದ ಆಳ್ವಿಕೆಯಲ್ಲಿ ಪೋಲರು

ಪೋಲೆಂಡಿನ ಆಧುನಿಕ ಇತಿಹಾಸವೆಂದೊಡನೆ ಓದುಗರ ಸ್ಮರಣೆಗೆ ಬರುವುವು ದಂಗೆಗಳು. ೧೭೯೪ರಲ್ಲಿ ಕೊಶ್ಚುಶ್ಕೊ ಎತ್ತಿದ ಕತ್ತಿ, ೧೮೩೦ರ ನವೆಂಬರ್ ದಂಗೆ, ೧೮೬೩ರ ಜನವರಿ ದಂಗೆ, ಇವೆಲ್ಲವೂ ಶೌರ್ಯದಿಂದ ಆರಂಭವಾಗಿ ಸೋಲಿನಲ್ಲಿಯೂ ದೇಶಭ್ರಷ್ಟತೆಯಲ್ಲಿಯೂ ಕೊನೆಗೊಂಡ ಕಥೆಗಳು. ಅದೇ ಜನತೆಯ ಮತ್ತೊಂದು ಭಾಗವು ಪ್ರಶ್ಯದ ಅಧೀನದಲ್ಲಿದ್ದ ಪೋಜ್ನಾನ್ ಪ್ರಾಂತದಲ್ಲಿ ಬೇರೊಂದು ಬಗೆಯ ಹೋರಾಟವನ್ನು ನಡೆಯಿಸಿತು. ಅದರ ಆಯುಧಗಳು ಜಮಾಖರ್ಚಿನ ಪುಸ್ತಕ, ಸಹಕಾರಿ ಸಾಲ, ರೈತಸಂಘ ಮತ್ತು ತಾಯಿ ಮನೆಯಲ್ಲಿ ಕಲಿಸಿದ ಅಕ್ಷರ. ಅಷ್ಟಾಗಿ ಪ್ರಸಿದ್ಧವಲ್ಲದ ಈ ಹೋರಾಟ ಪರಿಣಾಮದಲ್ಲಿ ಯಾವ ದಂಗೆಗೂ ಕಡಿಮೆಯಾದುದಲ್ಲ.

೧೫೬೯ರ ಲುಬ್ಲಿನ್ ಒಪ್ಪಂದದಿಂದ ಒಂದಾದ ಪೋಲೆಂಡ್ ಮತ್ತು ಲಿಥುವೇನಿಯಗಳು ಒಂದು ಕಾಲಕ್ಕೆ ಯೂರೋಪಿನ ವಿಶಾಲ ರಾಜ್ಯಗಳಲ್ಲಿ ಒಂದಾಗಿದ್ದುವು. ಅಲ್ಲಿ ಅರಸನನ್ನು ಚುನಾಯಿಸುವ ಅಧಿಕಾರ ಕುಲೀನ ವರ್ಗಕ್ಕಿತ್ತು. ಪ್ರತಿನಿಧಿಸಭೆಯಲ್ಲಿ ಒಬ್ಬನೇ ಸದಸ್ಯನು ಆಕ್ಷೇಪಿಸಿದರೂ ಇಡೀ ಅಧಿವೇಶನದ ನಿರ್ಣಯಗಳು ಬಿದ್ದುಹೋಗುತ್ತಿದ್ದುವು. ಸ್ವಾತಂತ್ರ್ಯದ ಹೆಸರಿನಲ್ಲಿ ಬೆಳೆದ ಈ ಪದ್ಧತಿಯು ರಾಜ್ಯವನ್ನೇ ನಿಶ್ಶಕ್ತಗೊಳಿಸಿತು. ೧೭೭೨ರಲ್ಲಿ ರಷ್ಯ, ಪ್ರಶ್ಯ, ಆಸ್ಟ್ರಿಯಗಳು ಮೊದಲನೆಯ ಪಾಲನ್ನು ಕಿತ್ತುಕೊಂಡುವು. ಆ ಪೆಟ್ಟಿನಿಂದ ಎಚ್ಚೆತ್ತ ಪೋಲರು ೧೭೯೧ರ ಮೇ ೩ರಂದು ಹೊಸ ಸಂವಿಧಾನವನ್ನು ಅಂಗೀಕರಿಸಿ ಏಕಸದಸ್ಯ ನಿಷೇಧವನ್ನು ತೆಗೆದುಹಾಕಿದರು. ಆದರೆ ನೆರೆಯವರಿಗೆ ಬೇಕಾಗಿದ್ದುದು ದುರ್ಬಲ ಪೋಲೆಂಡ್; ಸುಧಾರಿಸಿದ ಪೋಲೆಂಡ್ ಅಲ್ಲ. ೧೭೯೩ ಮತ್ತು ೧೭೯೫ರ ವಿಭಜನೆಗಳಿಂದ ಆ ರಾಜ್ಯವು ಭೂಪಟದಿಂದಲೇ ಅಳಿಸಿಹೋಯಿತು. ಮುಂದೆ ೧೨೩ ವರ್ಷಗಳವರೆಗೆ ಪೋಲರಿದ್ದರು, ಪೋಲೆಂಡ್ ಇರಲಿಲ್ಲ.

ನೆಪೋಲಿಯನ್ನನ ಪತನದ ಅನಂತರ, ೧೮೧೫ರ ವಿಯೆನ್ನ ಸಮ್ಮೇಳನದಲ್ಲಿ ಪೋಜ್ನಾನ್ ಪ್ರಾಂತವು ಪ್ರಶ್ಯದ ಪಾಲಿಗೆ ಬಂದಿತು. ಪೋಲರ ರಾಷ್ಟ್ರೀಯತೆಗೂ ಭಾಷೆಗೂ ಮನ್ನಣೆಯುಂಟೆಂದು ಪ್ರಶ್ಯದ ದೊರೆ ಆಗ ವಾಗ್ದಾನವಿತ್ತಿದ್ದನು. ೧೮೩೦ರ ದಂಗೆಯ ಅನಂತರ ಆ ವಾಗ್ದಾನವು ಸಡಿಲವಾಗುತ್ತ ಹೋಯಿತು. ಆ ದಂಗೆಯಲ್ಲಿ ಹೋರಾಡಿ, ಕೆಲಕಾಲ ಹೊರದೇಶಗಳಲ್ಲಿದ್ದು ಊರಿಗೆ ಮರಳಿದ ವೈದ್ಯನೊಬ್ಬನು ಹೊಸ ದಾರಿಯನ್ನು ತೋರಿದನು. ಆತನೇ ಕರೋಲ್ ಮಾರ್ಚಿನ್‌ಕೋವ್‌ಸ್ಕಿ. ಬಡ ಪೋಲ್ ಬಾಲಕರಿಗೆ ವಿದ್ಯಾರ್ಥಿವೇತನ ಕೊಡುವ ಸಂಘವನ್ನು ಆತನು ೧೮೪೧ರಲ್ಲಿ ಸ್ಥಾಪಿಸಿದನು. ಷೇರು ಬಂಡವಾಳದಿಂದ ಪೋಜ್ನಾನ್ ನಗರದ ಮಧ್ಯದಲ್ಲಿ ‘ಬಜಾರ್’ ಎಂಬ ದೊಡ್ಡ ಕಟ್ಟಡವೂ ಎದ್ದಿತು. ಪೋಲ್ ವ್ಯಾಪಾರಿಗಳಿಗೆ ಅಂಗಡಿಗಳು, ಪ್ರಯಾಣಿಕರಿಗೆ ವಸತಿಗೃಹ, ಸಾರ್ವಜನಿಕರಿಗೆ ಸಭಾಂಗಣ, ಎಲ್ಲವೂ ಅದರಲ್ಲಿದ್ದುವು. ಸಮಾಜವೂ ಒಂದು ದೇಹವೇ, ಅಂಗಾಂಗಗಳನ್ನು ಪುಷ್ಟಿಗೊಳಿಸಿದಲ್ಲದೆ ಅದು ಎದ್ದು ನಿಲ್ಲಲಾರದು ಎಂಬ ಭಾವನೆ ಈ ಕಾರ್ಯದ ಹಿಂದಿದ್ದಿತು. ಪೋಲರು ಇದನ್ನು ‘ಸಾವಯವ ಕಾರ್ಯ’ ಎಂದು ಕರೆದರು.

ಈ ತತ್ತ್ವದ ನಿಜವಾದ ಪರೀಕ್ಷೆ ನಡೆದುದು ಬಿಸ್ಮಾರ್ಕನ ಕಾಲದಲ್ಲಿ. ೧೮೭೩ರಲ್ಲಿ ಪ್ರಾಥಮಿಕ ಶಾಲೆಗಳ ಬೋಧನಭಾಷೆ ಜರ್ಮನ್ ಆಯಿತು. ಧರ್ಮಬೋಧೆಯೊಂದಕ್ಕೆ ವಿನಾಯಿತಿ ಉಳಿಯಿತು. ೧೮೭೬ರಲ್ಲಿ ಸರಕಾರದ ವ್ಯವಹಾರವೆಲ್ಲ ಜರ್ಮನ್ ಭಾಷೆಯಲ್ಲಿಯೇ ನಡೆಯಬೇಕೆಂಬ ಕಾನೂನು ಬಂದಿತು. ೧೮೮೭ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಪೋಲಿಷ್ ಒಂದು ಪಾಠವಿಷಯವಾಗಿಯೂ ಉಳಿಯಲಿಲ್ಲ. ಚರ್ಚಿನ ಮೇಲೆಯೂ ಸರಕಾರದ ಕೈ ಬಿದ್ದು, ಆರ್ಚ್‌ಬಿಷಪ್ ಲೆದುಖೋವ್‌ಸ್ಕಿ ೧೮೭೪ರಲ್ಲಿ ಸೆರೆಮನೆ ಸೇರಿದನು. ರಾಜಕಾರಣವೆಂದರೆ ಜಮೀನುದಾರರ ವಿಷಯವೆಂದು ದೂರ ನಿಂತಿದ್ದ ರೈತನಿಗೆ ತನ್ನ ಪ್ರಾರ್ಥನೆಗೂ ನುಡಿಗೂ ಕುತ್ತು ಬಂದಾಗ ಅದು ತನ್ನ ವಿಷಯವೂ ಆಯಿತು. ಕುಲೀನರ ರಾಷ್ಟ್ರವನ್ನು ಜನತೆಯ ರಾಷ್ಟ್ರವನ್ನಾಗಿ ಮಾಡಿದವರಲ್ಲಿ ಬಿಸ್ಮಾರ್ಕನೂ ಒಬ್ಬನೆಂದರೆ ಅತಿಶಯೋಕ್ತಿಯಾಗಲಾರದು.

೧೮೮೬ರಲ್ಲಿ ಭೂಮಿಯ ಮೇಲೆಯೇ ದಾಳಿ ಆರಂಭವಾಯಿತು. ಪೋಲರ ಜಮೀನುಗಳನ್ನು ಕೊಂಡು ಜರ್ಮನ್ ರೈತರನ್ನು ನೆಲೆಗೊಳಿಸುವುದಕ್ಕಾಗಿ ಪ್ರಶ್ಯ ಸರಕಾರವು ೧೦ ಕೋಟಿ ಮಾರ್ಕುಗಳ ನಿಧಿಯೊಡನೆ ವಸಾಹತು ಆಯೋಗವನ್ನು ನೇಮಿಸಿತು. ಈ ನಿಧಿಯನ್ನು ಮುಂದೆ ಹಲವು ಸಲ ಹೆಚ್ಚಿಸಲಾಯಿತು. ಒಂದು ಮಹಾಸಾಮ್ರಾಜ್ಯದ ಬೊಕ್ಕಸವನ್ನು ಎದುರಿಸಲು ಪೋಲರ ಬಳಿ ಇದ್ದುದು ಹಳ್ಳಿಯ ಉಳಿತಾಯ ಮಾತ್ರ.

ಆ ಉಳಿತಾಯವನ್ನು ಶಕ್ತಿಯಾಗಿ ಮಾರ್ಪಡಿಸಿದುದು ಸಹಕಾರಿ ಸಂಸ್ಥೆ. ಅದರ ಮಾದರಿಯನ್ನು ಪೋಲರು ಎರವಲು ತಂದುದು ಜರ್ಮನರಿಂದಲೇ. ಷುಲ್ಟ್ಸೆ-ಡೆಲಿಟ್ಷ್ ರೂಪಿಸಿದ ಪತ್ತಿನ ಸಂಘಗಳ ಪದ್ಧತಿಯನ್ನು ಅನುಸರಿಸಿ ಊರೂರಿನಲ್ಲಿ ‘ಜನತಾ ಬ್ಯಾಂಕು’ಗಳು ಹುಟ್ಟಿದುವು, ೧೮೭೧ರಲ್ಲಿ ಅವೆಲ್ಲ ಒಂದು ಒಕ್ಕೂಟವಾದುವು. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಸಮಸ್ತ ಆಸ್ತಿಯಿಂದ ಹೊಣೆಯಾಗಬೇಕೆಂಬುದು ಆಗಿನ ಕಾನೂನು. ಇದರಿಂದ ಸಾಲಗಾರನ ನಡತೆಯನ್ನು ನೆರೆಯವನೇ ಕಾಯುವಂತಾಯಿತು. ಜಾಮೀನಿಲ್ಲದ ಬಡವನಿಗೂ ಪತ್ತು ಹುಟ್ಟಿತು. ಒಕ್ಕೂಟಕ್ಕೆ ಒಬ್ಬ ‘ಪೋಷಕ’ನಿದ್ದನು. ಸಂಘಗಳ ಲೆಕ್ಕಗಳನ್ನು ತನಿಖೆ ಮಾಡುವುದು, ಬೇಜವಾಬ್ದಾರಿಯ ಆಡಳಿತವನ್ನು ತಿದ್ದುವುದು ಆತನ ಕೆಲಸ. ೧೮೯೧ರಲ್ಲಿ ಶಮಜೆವ್‌ಸ್ಕಿ ತೀರಿಕೊಂಡ ಮೇಲೆ ಈ ಸ್ಥಾನಕ್ಕೆ ಬಂದ ಪಾದ್ರಿ ಪ್ಯೋತ್ರ್ ವಾವ್‌ಜಿನ್ಯಾಕನು ೧೯೧೦ರಲ್ಲಿ ಸಾಯುವವರೆಗೂ ಅದನ್ನು ನಿರ್ವಹಿಸಿದನು. ದೇಶಭಕ್ತಿಯ ಹೆಸರಿನಲ್ಲಿ ಕೆಟ್ಟ ಸಾಲವನ್ನು ಕೊಡಬಾರದೆಂಬ ಶಿಸ್ತು ಈ ಸಂಸ್ಥೆಗಳ ಆಯುಸ್ಸಿಗೆ ಕಾರಣವಾಯಿತು.

ರೈತರ, ಕೂಲಿಕಾರರ, ಪಶ್ಚಿಮದ ರೂರ್ ಕಲ್ಲಿದ್ದಲ ಗಣಿಗಳಿಗೆ ವಲಸೆಹೋದ ಪೋಲ್ ಕಾರ್ಮಿಕರ ಉಳಿತಾಯವೆಲ್ಲ ಪೋಜ್ನಾನಿನ ಕಡೆಗೆ ಹರಿದು, ಜಮೀನು ಕೊಳ್ಳುವ ಸಾಲವಾಗಿ ಮತ್ತೆ ಹಳ್ಳಿಗಳಿಗೆ ಮರಳಿತು. ದೊಡ್ಡ ಜಮೀನುಗಳನ್ನು ಕೊಂಡು ಸಣ್ಣ ಹಿಡುವಳಿಗಳಾಗಿ ಹಂಚುವ ಪೋಲ್ ಸಂಸ್ಥೆಗಳೂ ಹುಟ್ಟಿಕೊಂಡುವು. ಸರಕಾರದ ಖರೀದಿಯಿಂದ ಭೂಮಿಯ ಬೆಲೆ ಏರಿತು. ಏರಿದ ಬೆಲೆಗೆ ಆಸೆಪಟ್ಟು ಜರ್ಮನ್ ಜಮೀನುದಾರರೇ ಪೋಲರಿಗೆ ಮಾರತೊಡಗಿದರು. ೧೯೧೪ರವರೆಗೆ ಆಯೋಗವು ಸುಮಾರು ೨೨,೦೦೦ ಜರ್ಮನ್ ಕುಟುಂಬಗಳನ್ನು ನೆಲೆಗೊಳಿಸಿದರೂ ಪ್ರಾಂತದ ಸ್ವರೂಪವನ್ನು ಬದಲಾಯಿಸಲಾರದೆ ಹೋಯಿತು.

ಹಣದಿಂದ ಆಗದುದನ್ನು ಶಾಸನದಿಂದ ಸಾಧಿಸುವ ಪ್ರಯತ್ನ ಮುಂದಿನದು. ೧೯೦೪ರ ಕಾನೂನಿನಂತೆ ಹೊಸ ಮನೆ ಕಟ್ಟಲು ಅಧಿಕಾರಿಗಳ ಅಪ್ಪಣೆ ಬೇಕಾಯಿತು. ಪೋಲನಿಗೆ ಅದು ದೊರೆಯುತ್ತಿರಲಿಲ್ಲ. ಮಿಹಾವ್ ದ್ಜಿಮಾವನೆಂಬ ರೈತನು ತಾನು ಕೊಂಡ ನೆಲದಲ್ಲಿ ಗಾಲಿಗಳ ಮೇಲಿನ ಸರ್ಕಸ್ ಬಂಡಿಯೊಂದನ್ನು ತಂದು ನಿಲ್ಲಿಸಿ ಅದರಲ್ಲಿಯೇ ಸಂಸಾರ ಹೂಡಿದನು. ಚಲಿಸುವ ಬಂಡಿಯು ಮನೆಯಲ್ಲವಷ್ಟೆ! ಅವನ ಮೊಕದ್ದಮೆಯ ಸುದ್ದಿ ಯೂರೋಪಿನ ಪತ್ರಿಕೆಗಳಲ್ಲೆಲ್ಲ ಹಬ್ಬಿತು.

ಮಕ್ಕಳೂ ಈ ಹೋರಾಟದಿಂದ ಹೊರಗುಳಿಯಲಿಲ್ಲ. ಧರ್ಮಬೋಧೆಗೂ ಜರ್ಮನ್ ಭಾಷೆಯನ್ನು ತಂದಾಗ, ೧೯೦೧ರಲ್ಲಿ ವ್ಜೆಶ್ನ್ಯ ಎಂಬ ಸಣ್ಣ ಪಟ್ಟಣದ ಶಾಲೆಯಲ್ಲಿ ಮಕ್ಕಳು ಆ ಭಾಷೆಯಲ್ಲಿ ಉತ್ತರ ಹೇಳಲು ನಿರಾಕರಿಸಿ ಏಟು ತಿಂದರು. ಪ್ರತಿಭಟಿಸಿದ ತಾಯಿತಂದೆಗಳಿಗೆ ಗ್ನಿಯೆಜ್ನೊ ನಗರದ ನ್ಯಾಯಾಲಯವು ಸೆರೆವಾಸ ವಿಧಿಸಿತು. ೧೯೦೬–೦೭ರಲ್ಲಿ ಸಾವಿರಾರು ಮಕ್ಕಳ ಶಾಲಾಮುಷ್ಕರ ಪ್ರಾಂತವನ್ನೆಲ್ಲ ವ್ಯಾಪಿಸಿತು. ನೊಬೆಲ್ ಬಹುಮಾನಿತ ಕಾದಂಬರಿಕಾರ ಶೆಂಕೇವಿಚ್ ಕೈಸರ್ ಎರಡನೆಯ ವಿಲ್‌ಹೆಲ್ಮನಿಗೆ ಬಹಿರಂಗ ಪತ್ರ ಬರೆದನು. ೧೯೦೮ರಲ್ಲಿ ಪೋಲರ ಜಮೀನನ್ನು ಬಲಾತ್ಕಾರದಿಂದ ಸ್ವಾಧೀನಪಡಿಸಿಕೊಳ್ಳುವ ಶಾಸನವೂ ಬಂದಿತು. ಆದರೂ ಅದರ ಬಲದಿಂದ ಸರಕಾರವು ೧೯೧೨ರಲ್ಲಿ ನಾಲ್ಕು ಜಮೀನುಗಳನ್ನು ಮಾತ್ರ ತೆಗೆದುಕೊಂಡಿತು.

ಈ ಚಳವಳಿಯ ದೋಷವನ್ನು ಮರೆಮಾಚಬಾರದು. ‘ನಮ್ಮವರು ನಮ್ಮವರಲ್ಲಿಯೇ ಕೊಳ್ಳಲಿ’ ಎಂಬ ಘೋಷಣೆಯು ಜರ್ಮನ್ ವರ್ತಕರ ವಿರುದ್ಧ ಮಾತ್ರವಲ್ಲದೆ ಯೆಹೂದ್ಯರ ವಿರುದ್ಧವೂ ತಿರುಗಿತು. ಪೀಡಿತರ ರಾಷ್ಟ್ರೀಯತೆಯು ತನಗಿಂತ ದುರ್ಬಲರ ವಿಷಯದಲ್ಲಿ ನಿಷ್ಠುರವಾಗಬಲ್ಲುದೆಂಬುದಕ್ಕೆ ಇದು ನಿದರ್ಶನ. ಸ್ವತಂತ್ರ ಪೋಲೆಂಡಿನ ರಾಜಕಾರಣವನ್ನೂ ಈ ವಿಷವು ಬಹುಕಾಲ ಕಾಡಿತು.

೧೯೧೮ರ ನವೆಂಬರ್ ೧೧ರಂದು ಪಿಲ್ಸುಡ್‌ಸ್ಕಿ ವಾರ್ಸಾದಲ್ಲಿ ಸೇನಾಧಿಪತ್ಯವನ್ನು ವಹಿಸಿಕೊಂಡನು. ಪೋಜ್ನಾನ್ ಮಾತ್ರ ಇನ್ನೂ ಜರ್ಮನಿಯ ಕೈಯಲ್ಲಿತ್ತು. ಡಿಸೆಂಬರ್ ಮೊದಲ ವಾರದಲ್ಲಿ ಅಲ್ಲಿ ಪೋಲರ ಪ್ರಾಂತೀಯ ಸಭೆ ಸೇರಿತು. ಸರ್ವೋಚ್ಚ ಜನತಾ ಪರಿಷತ್ತಿನ ಮೂವರು ಕಮಿಷನರರಲ್ಲಿ ಒಬ್ಬನು ಪಾದ್ರಿ ಆದಾಮ್‌ಸ್ಕಿ. ಆತನು ಸಹಕಾರಿ ಒಕ್ಕೂಟದಲ್ಲಿ ವಾವ್‌ಜಿನ್ಯಾಕನ ಉತ್ತರಾಧಿಕಾರಿ. ಡಿಸೆಂಬರ್ ೨೬ರಂದು ಸಂಗೀತಗಾರ ಪದೆರೆವ್‌ಸ್ಕಿ ನಗರಕ್ಕೆ ಬಂದು ಜನಸಮೂಹವನ್ನುದ್ದೇಶಿಸಿ ಮಾತನಾಡಿದುದು ಮಾರ್ಚಿನ್‌ಕೋವ್‌ಸ್ಕಿಯ ಆ ‘ಬಜಾರ್’ ಕಟ್ಟಡದಿಂದಲೇ. ಮರುದಿನ ದಂಗೆ ಎದ್ದಿತು. ೧೯೧೯ರ ಫೆಬ್ರವರಿ ೧೬ರ ಕದನವಿರಾಮದ ಹೊತ್ತಿಗೆ ಪ್ರಾಂತದ ಬಹುಭಾಗ ಪೋಲರ ವಶದಲ್ಲಿತ್ತು. ಜೂನ್ ೨೮ರ ವರ್ಸೇಲ್ಸ್ ಒಪ್ಪಂದವು ಅದನ್ನು ಸ್ಥಿರಪಡಿಸಿತು. ಪೋಲರ ದಂಗೆಗಳಲ್ಲಿ ಗೆದ್ದವು ವಿರಳ, ಇದು ಗೆದ್ದಿತು. ಇದರ ಹಿಂದೆ ಮೂರು ತಲೆಮಾರುಗಳ ಸಂಘಟನೆಯ ಅಭ್ಯಾಸವಿದ್ದಿತು.

ಹಾಗೆಂದು ಸಾವಯವ ಕಾರ್ಯವು ಎಲ್ಲ ಕಾಲಕ್ಕೂ ಸಾಕಾಗುವ ಉಪಾಯವೆನ್ನಲಾಗದು. ಪ್ರಶ್ಯವು ದಬ್ಬಾಳಿಕೆಯ ರಾಜ್ಯವಾದರೂ ಕಾನೂನಿನ ರಾಜ್ಯವಾಗಿತ್ತು. ಬ್ಯಾಂಕಿನ ನೋಂದಣಿಯನ್ನು ಅದು ಮನ್ನಿಸುತ್ತಿತ್ತು. ದ್ಜಿಮಾವನು ಮೊಕದ್ದಮೆ ಹೂಡಬಹುದಾಗಿತ್ತು. ೧೯೩೯ರಲ್ಲಿ ಬಂದ ನಾಜಿಗಳಿಗೆ ಆ ಹಂಗೂ ಇರಲಿಲ್ಲ. ಅವರು ಪ್ರಾಂತವನ್ನು ಜರ್ಮನಿಗೆ ಸೇರಿಸಿ, ಪೋಲರ ಆಸ್ತಿಯನ್ನು ಕಿತ್ತುಕೊಂಡು, ಲಕ್ಷಾಂತರ ಜನರನ್ನು ಹೊರಗಟ್ಟಿದರು. ಕಾನೂನೇ ಇಲ್ಲದಲ್ಲಿ ಲೆಕ್ಕದ ಪುಸ್ತಕವು ಕಾಪಾಡದು. ಆದರೆ ಅಭ್ಯಾಸವು ಉಳಿಯಿತು. ಆಕ್ರಮಿತ ಪೋಲೆಂಡಿನಲ್ಲಿ ಗುಪ್ತಶಾಲೆಗಳು ನಡೆದುವು. ಸೋವಿಯತ್ ಒಳನಾಡಿಗೆ ಗಡೀಪಾರಾಗಿ, ಬಿಡುಗಡೆಹೊಂದಿ, ಭಾರತವನ್ನು ಸೇರಿದ ಸುಮಾರು ೫,೦೦೦ ಪೋಲರು ೧೯೪೩ರಿಂದ ೧೯೪೮ರವರೆಗೆ ಕೊಲ್ಲಾಪುರದ ಬಳಿಯ ವಳಿವಡೆ ಶಿಬಿರದಲ್ಲಿದ್ದಾಗ ಅಲ್ಲಿಯೂ ಪೋಲಿಷ್ ಭಾಷೆಯ ಶಾಲೆಗಳನ್ನು ನಡೆಯಿಸಿದರು. ೧೯೫೬ರ ಜೂನಿನಲ್ಲಿ ಕಮ್ಯೂನಿಸ್ಟ್ ಆಡಳಿತದ ವಿರುದ್ಧ ಮೊದಲು ಬೀದಿಗಿಳಿದವರು ಪೋಜ್ನಾನಿನ ಕಾರ್ಮಿಕರೇ. ೧೯೮೦ರ ಕಾರ್ಮಿಕಸಂಘ ‘ಸಾಲಿಡಾರಿಟಿ’ಯೂ ೧೯೮೯ರ ಚುನಾವಣೆಯಲ್ಲಿ ಅದು ಗಳಿಸಿದ ಗೆಲವೂ ಅದೇ ಹಾದಿಯ ಮುಂದಿನ ಮಜಲುಗಳು.

ರಾಜ್ಯವನ್ನು ಕಳೆದುಕೊಂಡ ಜನತೆಯು ತನ್ನ ನುಡಿ, ನೆಲ, ಸಂಸ್ಥೆಗಳನ್ನು ಉಳಿಸಿಕೊಂಡರೆ ರಾಜ್ಯವು ಮರಳಿ ಬರುವ ದಿನ ಅದನ್ನು ಬರಮಾಡಿಕೊಳ್ಳಲು ಸಿದ್ಧವಾಗಿರುತ್ತದೆ. ಪೋಜ್ನಾನಿನ ಪೋಲರು ಆ ದಿನಕ್ಕಾಗಿ ಬರಿದೆ ಕಾಯಲಿಲ್ಲ. ಅದರ ಖರ್ಚಿಗೆಂದು ಕಾಸುಕಾಸಾಗಿ ಕೂಡಿಟ್ಟಿದ್ದರು.