ಕಾಯ್ದಿಟ್ಟ ಬಿಯರಿನ ರುಚಿ

ಷಾಂಪೇನಿನದೇ ದಪ್ಪ ಗಾಜಿನ ಸೀಸೆ, ಬಾಯಿಗೆ ತಂತಿ ಬಿಗಿದ ಬಿರಡೆ. ಒಳಗಿರುವುದು ಮಾತ್ರ ಬಿಯರ್. ಫ್ರಾನ್ಸ್ ಎಂದೊಡನೆ ದ್ರಾಕ್ಷಿ ತೋಟಗಳನ್ನೇ ನೆನೆಯುವವರಿಗೆ ಆ ದೇಶದ ಉತ್ತರದ ತುದಿ ಅಚ್ಚರಿ ತರುತ್ತದೆ. ಬೆಲ್ಜಿಯಂ ಗಡಿಗೆ ಅಂಟಿಕೊಂಡ ಲೀಲ್ ನಗರದ ಸುತ್ತಮುತ್ತ ಚಳಿ, ಮೋಡ ಹೆಚ್ಚು. ಅಲ್ಲಿ ದ್ರಾಕ್ಷಿಗಿಂತ ಬಾರ್ಲಿ ಮತ್ತು ಹಾಪ್ಸ್ ಹೂವಿಗೆ ನೆಲ ಒಗ್ಗುತ್ತದೆ. ಅಲ್ಲಿನ ಒಕ್ಕಲು ಮನೆಗಳಲ್ಲಿ ಹುಟ್ಟಿದ ಬಿಯರಿಗೆ ‘ಬಿಯೇರ್ ದ ಗಾರ್ದ್’ ಎಂದು ಹೆಸರು. ಕಾಯ್ದಿಡುವ ಬಿಯರ್ ಎಂದು ಅರ್ಥ.

ಕಾಯ್ದಿಡುವ ಅಗತ್ಯವನ್ನು ತಂದದ್ದು ಬೇಸಿಗೆ. ಬಿಯರ್ ಮಾಡುವವರು ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ರಾಗಿ ಮಾಲ್ಟ್ ಮಾಡುವ ಮನೆಯವರಿಗೆ ಇದು ಹೊಸದಲ್ಲ. ಆ ಮಾಲ್ಟಿನಿಂದ ಬಸಿದ ಸಿಹಿನೀರನ್ನು ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡಬೇಕು. ಸೆಖೆಯ ದಿನಗಳಲ್ಲಿ ಈ ಹುದುಗುವಿಕೆ ಹಿಡಿತ ತಪ್ಪಿ ಹಂಡೆಗೆ ಹಂಡೆಯೇ ಕೆಡುತ್ತಿತ್ತು. ತಂಪುಪೆಟ್ಟಿಗೆ ಇಲ್ಲದ ಕಾಲ. ಆದ್ದರಿಂದ ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲೇ ಬಿಯರ್ ಮಾಡಿ, ನೆಲಮಾಳಿಗೆಯಲ್ಲಿಟ್ಟು, ಬೇಸಿಗೆಯಲ್ಲಿ ಕುಡಿಯುತ್ತಿದ್ದರು.

ಕೆಡುವುದೇಕೆ ಎಂಬುದಕ್ಕೆ ವಿಜ್ಞಾನದ ಉತ್ತರ ಮೊಳೆತದ್ದೂ ಈ ಸೀಮೆಯಲ್ಲೇ. 1854ರಲ್ಲಿ ಲೀಲ್‌ಗೆ ಪ್ರಾಧ್ಯಾಪಕನಾಗಿ ಬಂದ ಲೂಯಿ ಪಾಶ್ಚರ್, ಬೀಟ್‌ರಸದಿಂದ ಮದ್ಯಸಾರ ತೆಗೆಯುವ ಸ್ಥಳೀಯ ಉದ್ಯಮಿಯೊಬ್ಬನ ತೊಂದರೆಯನ್ನು ಪರೀಕ್ಷಿಸುತ್ತ ಸೂಕ್ಷ್ಮಜೀವಿಗಳ ಜಾಡು ಹಿಡಿದ. ಬಿಯರ್ ಕುರಿತೇ ಆತ ಬರೆದ ಗ್ರಂಥ 1876ರಲ್ಲಿ ಹೊರಬಂತು.

ಸೂಕ್ಷ್ಮಜೀವಿಗಳಿಗಿಂತ ದೊಡ್ಡ ಶತ್ರು ಯುದ್ಧ. 1914ರ ಅಕ್ಟೋಬರಿನಿಂದ 1918ರ ಅಕ್ಟೋಬರಿನವರೆಗೆ ಲೀಲ್ ಜರ್ಮನ್ ಸೇನೆಯ ವಶದಲ್ಲಿತ್ತು. ಆ ಸೇನೆಗೆ ತಾಮ್ರ ಬೇಕಿತ್ತು. ಬ್ರೂವರಿಗಳ ಬಳಿ ಇದ್ದದ್ದು ತಾಮ್ರದ ಹಂಡೆಗಳೇ. ಅವು ಕಿತ್ತುಹೋದ ಮೇಲೆ ಎಷ್ಟೋ ಹಳ್ಳಿಯ ಬ್ರೂವರಿಗಳು ಮತ್ತೆ ಒಲೆ ಹಚ್ಚಲಿಲ್ಲ. ಉಳಿದವು ಚೇತರಿಸಿಕೊಳ್ಳುವಷ್ಟರಲ್ಲಿ 1940ರಲ್ಲಿ ಮತ್ತೆ ಜರ್ಮನ್ ಆಕ್ರಮಣ. ಅದರ ಹಿಂದೆಯೇ ದೊಡ್ಡ ಕಾರ್ಖಾನೆಗಳ ತಿಳಿ ಹಳದಿ ಬಿಯರಿನ ಪ್ರವಾಹ. ಒಕ್ಕಲು ಮನೆಯ ಬಿಯರ್ ಹೆಸರಿಗಷ್ಟೇ ಉಳಿಯುವ ಲಕ್ಷಣ ಕಂಡಿತು.

ಅದನ್ನು ಬದುಕಿಸಿದವರಲ್ಲಿ ಮುಖ್ಯರು ವಾಲಾನ್ಸಿಯೆನ್ ಬಳಿಯ ಜಾನ್‌ಲ್ಯಾಂ ಹಳ್ಳಿಯ ಡುಯಿಕ್ ಮನೆತನದವರು. 1922ರಲ್ಲಿ ಶುರುವಾದ ಅವರ ಬ್ರೂವರಿ, ಎರಡನೆಯ ಮಹಾಯುದ್ಧದ ನಂತರ ತನ್ನ ಕೆಂಪು ಛಾಯೆಯ ಬಿಯರನ್ನು ಷಾಂಪೇನ್ ಸೀಸೆಗಳಲ್ಲಿ ತುಂಬತೊಡಗಿತು. ಪೀಪಾಯಿಯ ಹಳ್ಳಿ ಪಾನೀಯಕ್ಕೆ ಹಬ್ಬದೂಟದ ಕಳೆ ಬಂತು. 1970ರ ದಶಕದಲ್ಲಿ ಲೀಲ್‌ನ ವಿದ್ಯಾರ್ಥಿಗಳು ಇದನ್ನು ತಮ್ಮದಾಗಿಸಿಕೊಂಡರು. ಅಜ್ಜಂದಿರು ಕೈಬಿಟ್ಟದ್ದನ್ನು ಮೊಮ್ಮಕ್ಕಳು ಎತ್ತಿಕೊಂಡರು ಎನ್ನಬಹುದು. ಆಮೇಲೆ ಬೇರೆ ಸಣ್ಣ ಬ್ರೂವರಿಗಳಿಗೂ ಧೈರ್ಯ ಬಂತು.

ಹಾಗೆಂದು ಇಂದು ಲೋಟಕ್ಕೆ ಬೀಳುವುದು ಮುತ್ತಜ್ಜನ ಬಿಯರ್ ಎಂದು ನಂಬುವುದು ಭೋಳೆತನ. ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಕೂತ ಹಳೆಯದಕ್ಕೆ ವೈನಿನಂಥ ಹುಳಿ ಇರುತ್ತಿತ್ತು. ಈಗಿನದು ಲೋಹದ ತೊಟ್ಟಿಯಲ್ಲಿ, ಕೊರೆಯುವ ತಣ್ಪಿನಲ್ಲಿ ಕೆಲವು ವಾರ ಮಾಗಿದ್ದು, ನಯವಾದದ್ದು, ಹುಳಿಯಿಲ್ಲದ್ದು. ಹೆಸರು ಉಳಿಯಿತು, ರುಚಿ ಬದಲಾಯಿತು. ಆದರೆ ಆ ಬದಲಾವಣೆ ಇಲ್ಲದಿದ್ದರೆ ಹೆಸರೂ ಉಳಿಯುತ್ತಿರಲಿಲ್ಲವೇನೋ.

ಕೆಂಪು ಬಗೆಯ ಬಣ್ಣಕ್ಕೆ ಕಾರಣ ಹದವಾಗಿ ಹುರಿದ ಮಾಲ್ಟ್. ಕೆಲವೆಡೆ ದೀರ್ಘವಾಗಿ ಕುದಿಸುವುದೂ ಸೇರುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೆಂಪೇರುವುದನ್ನು ಕಂಡವರಿಗೆ ಇದರ ಮರ್ಮ ಹೇಳಬೇಕಿಲ್ಲ. ಮೂಗಿಗೆ ಮೊದಲು ಸಿಗುವುದು ಸುಟ್ಟ ಸಕ್ಕರೆಯ, ಆಗತಾನೇ ಬೆಂದ ಬ್ರೆಡ್ಡಿನ ಪರಿಮಳ. ನಾಲಗೆಯ ಮೇಲೆ ಸಿಹಿಯಾಗಿ ಶುರುವಾಗಿ ಕೊನೆಗೆ ಒಣಗಿದಂತೆ ಮುಗಿಯುತ್ತದೆ. ಹಾಪ್ಸಿನ ಕಹಿ ಹಿಂದೆಯೇ ನಿಲ್ಲುತ್ತದೆ. ಮದ್ಯಸಾರ ಶೇ. 6ರಿಂದ 8.5ರವರೆಗೆ ಇರುವುದರಿಂದ ಗಟಗಟನೆ ಕುಡಿಯುವ ವಸ್ತುವಲ್ಲ. ಮಂಜುಗಡ್ಡೆಯಂತೆ ತಣ್ಣಗಿದ್ದರೆ ಪರಿಮಳ ಏಳುವುದೇ ಇಲ್ಲ. ಬಲ್ಲವರು ನೆಲಮಾಳಿಗೆಯ ತಂಪು, ಅಂದರೆ 10ರಿಂದ 13 ಡಿಗ್ರಿ ಸೆಲ್ಸಿಯಸ್, ಸಾಕೆನ್ನುತ್ತಾರೆ. ಕೆಲವು ಸೀಸೆಗಳಲ್ಲಿ ಬಿರಡೆಯಿಂದ ಇಳಿದ ತುಸು ಮುಗ್ಗಲು ವಾಸನೆಯೂ ಇರುತ್ತದೆ. ಹೊರಗಿನ ಕೆಲವರಿಗೆ ಅದು ದೋಷ. ಈ ಬಿಯರಿನ ಅಭಿಮಾನಿಗಳಿಗೆ ಅದು ಹಳೆಯ ನೆಲಮಾಳಿಗೆಯ ಗುರುತು.